ಹಳೆಯ ಸ್ಪೋರ್ಟ್ಸ್ ಕಾರಿಗೆ ಎಸಿ: ಗ್ಯಾಸ್ ತುಂಬಿಸುವುದು ಕೊನೆಯ ಕೆಲಸ

"ಎಸಿ ಇದೆ, ಆದ್ರೆ ತಣ್ಣಗಾಗ್ತಿಲ್ಲ. ಗ್ಯಾಸ್ ತುಂಬಿಸಿದ್ರೆ ಸರಿಹೋಗುತ್ತಾ?" ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು. "ನನ್ನ ಕಾರಿಗೆ ಎಸಿನೇ ಬಂದಿರ್ಲಿಲ್ಲ, ಈಗ ಹಾಕ್ಬಹುದಾ?" ಅನ್ನುವುದು ಎರಡನೆಯದು. ಎರಡನೆಯದಕ್ಕೆ ಉತ್ತರ ಸುಲಭ: ಹಾಕಬಹುದು. ಮೊದಲನೆಯದಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲಿಂದಲೋ ಸೋರಿಹೋಗಿದೆ. ಸೋರುವ ಜಾಗ ಹುಡುಕದೆ ಮತ್ತೆ ತುಂಬಿಸಿದರೆ ಅದೂ ಹೋಗುತ್ತದೆ, ಜೊತೆಗೆ ಅದೇ ಜಾಗದಿಂದ ತೇವವೂ ಒಳಗೆ ಸೇರಿ ಕಂಪ್ರೆಸರನ್ನು ತಿನ್ನುತ್ತದೆ. ಹಾಗಾಗಿ ಹೊಸದಾಗಿ ಎಸಿ ಹಾಕುವವರಿಗೂ, ಇರುವುದನ್ನು ಸರಿಪಡಿಸುವವರಿಗೂ ನಾನು ಹೇಳುವ ಕ್ರಮ ಒಂದೇ. ಗ್ಯಾಸ್ ಕೊನೆಗೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ಎಸಿ ಹೇಗೆ ತಂಪು ಮಾಡುತ್ತದೆ

ಐದು ಭಾಗಗಳ ಪರಿಚಯ ಇದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಗ್ಯಾಸನ್ನು ಒತ್ತುತ್ತದೆ. ಒತ್ತಿದ ಗ್ಯಾಸ್ ಬಿಸಿಯಾಗುತ್ತದೆ. ಆ ಬಿಸಿಯನ್ನು ಕಂಡೆನ್ಸರ್, ಅಂದರೆ ರೇಡಿಯೇಟರಿನ ಮುಂದೆ ಕೂರುವ ಜಾಲರಿ, ಹೊರಗಿನ ಗಾಳಿಗೆ ಬಿಟ್ಟುಕೊಡುತ್ತದೆ. ಗ್ಯಾಸ್ ಅಲ್ಲಿ ದ್ರವವಾಗುತ್ತದೆ. ದ್ರವ ಡ್ರೈಯರ್ ಮೂಲಕ ಹಾದುಹೋಗುತ್ತದೆ. ಇದೊಂದು ಚಿಕ್ಕ ಡಬ್ಬಿ, ಒಳಗೆ ತೇವ ಹೀರುವ ಕಾಳುಗಳಿರುತ್ತವೆ. ಆಮೇಲೆ ಎಕ್ಸ್‌ಪಾನ್ಷನ್ ವಾಲ್ವ್ ಬರುತ್ತದೆ. ಸೂಜಿಮೊನೆಯಷ್ಟು ಸಣ್ಣ ಕಿಂಡಿಯಿಂದ ದ್ರವವನ್ನು ಚಿಮ್ಮಿಸುವುದು ಇದರ ಕೆಲಸ. ಚಿಮ್ಮಿದ ದ್ರವ ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಕುದಿದು ಮತ್ತೆ ಗ್ಯಾಸಾಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಕಾರಿನೊಳಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಅದೇ ನಿಮಗೆ ತಾಗುವ ತಂಪು.

ಒಂದು ಮಾತು ಗಮನಿಸಿ: ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ, ಅಷ್ಟೇ. ಹೊರಗೆ ಬಿಡುವ ಜಾಗ ಸರಿ ಇಲ್ಲದಿದ್ದರೆ ಒಳಗೆ ತಂಪಾಗುವುದೇ ಇಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳ ಕಷ್ಟ ಮುಕ್ಕಾಲು ಪಾಲು ಇಲ್ಲೇ ಇರುವುದು. ಗಾಳಿ ನುಗ್ಗುವ ಬಾಯಿ ಚಿಕ್ಕದು, ಬಾನೆಟ್ ತಗ್ಗು, ಎಂಜಿನ್ ಬಿಸಿ, ಕಾಲಿನ ಪಕ್ಕದಲ್ಲೇ ಗೇರ್‌ಬಾಕ್ಸ್.

ಬೇಕಾಗುವ ಸಾಮಾನು ಮತ್ತು ಮೊದಲ ಎಚ್ಚರಿಕೆ

ಒತ್ತಡ ನೋಡಲು ಎರಡು ಗೇಜು ಇರುವ ಮ್ಯಾನಿಫೋಲ್ಡ್ ಸೆಟ್, ವ್ಯಾಕ್ಯೂಮ್ ಪಂಪ್, ಗ್ಯಾಸ್ ತೂಗುವ ತಕ್ಕಡಿ, ರೆಗ್ಯುಲೇಟರ್ ಸಮೇತ ನೈಟ್ರೋಜನ್ ಸಿಲಿಂಡರ್, ಜೋಡಿ ಸ್ಪ್ಯಾನರುಗಳು, ಮಲ್ಟಿಮೀಟರ್, ಥರ್ಮಾಮೀಟರ್. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ದ್ರವ ಗ್ಯಾಸ್ ಹೊರಗೆ ಬಂದ ಕೂಡಲೇ ಸೊನ್ನೆಗಿಂತ 26ರಿಂದ 30 ಡಿಗ್ರಿ ಕೆಳಗೆ ಕುದಿಯುತ್ತದೆ. ಚರ್ಮಕ್ಕೆ ತಾಗಿದರೆ ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಗ್ಯಾಸನ್ನು ಗಾಳಿಗೆ ಬಿಡಬೇಡಿ. ಬಹಳಷ್ಟು ದೇಶಗಳಲ್ಲಿ ಅದು ಅಪರಾಧ. ಬೆಂಕಿ, ವೆಲ್ಡಿಂಗ್ ಇರುವ ಕಡೆಯಂತೂ ಬಿಡಲೇಬಾರದು. ಹಳೆಯ ಗ್ಯಾಸ್ ಉರಿಗೆ ತಾಗಿದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟಬಹುದು.

ನನ್ನ ಸಲಹೆ ಇದು: ಬ್ರಾಕೆಟ್, ಪೈಪ್, ವೈರಿಂಗ್, ಡಬ್ಬಿ ಬಿಚ್ಚಿ ಜೋಡಿಸುವ ಕೆಲಸ ನೀವು ಮಾಡಿ. ಹಳೆಯ ಗ್ಯಾಸ್ ತೆಗೆಯುವುದು ಮತ್ತು ಹೊಸದು ತುಂಬುವುದನ್ನು ಪರವಾನಗಿ ಮತ್ತು ಯಂತ್ರ ಎರಡೂ ಇರುವವರಿಗೆ ಬಿಡಿ.

1. ಒಳಗೆ ಯಾವ ಗ್ಯಾಸ್ ಇದೆ ಎಂದು ತಿಳಿದುಕೊಳ್ಳಿ

1990ರ ದಶಕದ ಆರಂಭದವರೆಗೆ ಕಾರುಗಳಲ್ಲಿ ಇದ್ದದ್ದು ಆರ್-12. ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಹಂತ ಹಂತವಾಗಿ ಬಿಡಲಾಯಿತು. ಅದರ ಜಾಗಕ್ಕೆ ಆರ್-134ಎ ಬಂತು. ಈಗಿನ ಬಹಳಷ್ಟು ಹೊಸ ಕಾರುಗಳಲ್ಲಿ ಆರ್-1234ವೈಎಫ್ ಇದೆ. ಹಳೆಯ ಕಾರನ್ನು ಸರಿಪಡಿಸುವಾಗ ಬಹುತೇಕರು ಆರಿಸುವುದು ಆರ್-134ಎ.

ಆದರೆ ಒಂದನ್ನು ತೆಗೆದು ಇನ್ನೊಂದನ್ನು ಸುಮ್ನೆ ತುಂಬುವ ಹಾಗಿಲ್ಲ. ಆರ್-12ರ ಜೊತೆ ಇರುವುದು ಮಿನರಲ್ ಎಣ್ಣೆ. ಅದು ಆರ್-134ಎ ಜೊತೆ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಕಂಪ್ರೆಸರಿಗೆ ವಾಪಸ್ ಬರದೆ ಮೂಲೆಯಲ್ಲಿ ಕೂರುತ್ತದೆ, ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಹಳೆಯ ಡ್ರೈಯರಿನ ಕಾಳು ಕೂಡ ಹೊಸ ಗ್ಯಾಸಿಗೆ ಆಗಿಬರುವುದಿಲ್ಲ. ಹೊಸ ಗ್ಯಾಸಿನ ಕಣ ಚಿಕ್ಕದು. ಹಳೆಯ ರಬ್ಬರ್ ಹೋಸಿನ ಗೋಡೆಯಿಂದಲೇ ಸೋಸಿ ಹೋಗುತ್ತದೆ.

ಯಾರಾದರೂ "ಅಡುಗೆ ಗ್ಯಾಸಿನ ಜಾತಿಯದ್ದು ಹಾಕೋಣ, ಚೆನ್ನಾಗಿ ತಣ್ಣಗಾಗುತ್ತೆ" ಅಂದರೆ ಒಪ್ಪಬೇಡಿ. ತಣ್ಣಗಾಗುವುದು ನಿಜ. ಆದರೆ ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಮೊಣಕಾಲಿನ ಮುಂದೆ. ಅದು ಸೋರಿದರೆ ಉರಿಯುವ ಗ್ಯಾಸ್ ಮುಚ್ಚಿದ ಕಾರಿನೊಳಗೆ ತುಂಬಿಕೊಳ್ಳುತ್ತದೆ.

2. ಮೊದಲು ಕಾರನ್ನು ಸಿದ್ಧ ಮಾಡಿ

ಎಸಿ ಹಾಕುವ ಮುಂಚೆ ಎಸಿ ಇಲ್ಲದೆಯೇ ಕಾರು ತಂಪಾಗಿ ಓಡುತ್ತದಾ ನೋಡಿ. ಬಿಸಿಲಿನಲ್ಲಿ, ನಿಂತ ಟ್ರಾಫಿಕ್ಕಿನಲ್ಲಿ, ಇಪ್ಪತ್ತು ನಿಮಿಷ. ಉಷ್ಣತೆಯ ಮುಳ್ಳು ಆಗಲೇ ಮೇಲೇರುತ್ತಿದ್ದರೆ ಎಸಿ ಹಾಕಿದ ಮೇಲೆ ಕುದಿಯುವುದು ಖಂಡಿತ. ಕಂಡೆನ್ಸರ್ ಬಿಟ್ಟ ಬಿಸಿಗಾಳಿಯೇ ರೇಡಿಯೇಟರಿಗೆ ಹೋಗುತ್ತದೆ, ಅಲ್ವಾ? ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಕೋರ್ ಬದಲಾಯಿಸಿ. ಫ್ಯಾನಿನ ಸುತ್ತ ಗಾಳಿ ಹಿಡಿದಿಡುವ ಕವಚ ಇಲ್ಲದಿದ್ದರೆ ಹಾಕಿಸಿ. ಇಗ್ನಿಷನ್ ಟೈಮಿಂಗ್ ಸರಿ ಇದೆಯೇ ನೋಡಿ. ಟೈಮಿಂಗ್ ತಡವಾಗಿದ್ದರೂ ಎಂಜಿನ್ ಬಿಸಿಯಾಗುತ್ತದೆ.

ಇನ್ನು ವಿದ್ಯುತ್ತು. ಒಳಗೆ ಗಾಳಿ ಊದುವ ಬ್ಲೋಯರ್, ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಸೇರಿಸಿ ಬಿಡಿಸುವ ಕ್ಲಚ್, ಕಂಡೆನ್ಸರ್ ಫ್ಯಾನ್ ಮೂರೂ ಸೇರಿ 25ರಿಂದ 30 ಆಂಪಿಯರ್ ಎಳೆಯಬಲ್ಲವು. 1960ರ ದಶಕದ ಮೊದಲರ್ಧದ ಎಂಜಿಬಿಯಂಥ ಬ್ರಿಟಿಷ್ ಕಾರಿನಲ್ಲಿ ಇರುವ ಲ್ಯೂಕಾಸ್ ಡೈನಮೋ ಕೊಡುವುದೇ 22 ಆಂಪಿಯರ್. ಅದೂ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಹಾಗಾಗಿ ಆಲ್ಟರ್ನೇಟರ್ ಹಾಕದೆ ವಿಧಿಯಿಲ್ಲ. ಜೊತೆಗೆ ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಲೋಹದ ಮೈಗೆ ಕಟ್ಟಿರುತ್ತಾರೆ. ಈಗಿನ ಆಲ್ಟರ್ನೇಟರ್, ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್‌ಗಳಿಗೆ ಮೈನಸ್ ತುದಿಯನ್ನು ಆ ಮೈಗೆ ಕಟ್ಟಿರಬೇಕು. ಇದನ್ನು ನೋಡದೆ ಜೋಡಿಸಿದರೆ ಹೊಸ ಸಾಮಾನು ಆ ಕ್ಷಣವೇ ಸುಟ್ಟುಹೋಗುತ್ತದೆ.

3. ಫೋಟೋ ತೆಗೆಯಿರಿ, ಕೊರೆಯಬೇಡಿ

ಬಿಚ್ಚುವ ಮುಂಚೆ ಪ್ರತಿ ಭಾಗದ ಫೋಟೋ ಇರಲಿ. ತೆಗೆದ ಮೂಲ ಭಾಗಗಳನ್ನು, ಕೆಟ್ಟಿದ್ದರೂ, ಹೆಸರು ಬರೆದ ಚೀಲಗಳಲ್ಲಿ ಇಡಿ. ಮೊದಲೇ ಇರುವ ಬೋಲ್ಟಿನ ರಂಧ್ರಗಳನ್ನೇ ಬಳಸಿಕೊಂಡು ಬ್ರಾಕೆಟ್ ಮಾಡಿಸಿ. ನಾಳೆ ಯಾರಾದರೂ ಕಾರನ್ನು ಹುಟ್ಟಿದ ರೂಪಕ್ಕೆ ತರಬೇಕೆಂದರೆ ಆಗುವಂತಿರಬೇಕು. ಬಾಡಿಯಲ್ಲಿ ಒಮ್ಮೆ ಕೊರೆದ ತೂತು ಕೊರೆದದ್ದೇ.

4. ಕಂಪ್ರೆಸರ್: ಉಳಿಸಿಕೊಳ್ಳಬೇಕಾ, ಬದಲಾಯಿಸಬೇಕಾ

ಕಾರ್ಖಾನೆಯಿಂದಲೇ ಎಸಿ ಬಂದ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿ ಸಿಗುತ್ತವೆ. ಒಂದು ಯಾರ್ಕ್ ಕಂಪ್ರೆಸರ್. ಎರಡು ಪಿಸ್ಟನ್ ಮೇಲೆ ಕೆಳಗೆ ಹೋಗುತ್ತವೆ, ನಡುಕ ಜಾಸ್ತಿ. ಇನ್ನೊಂದು ಜನರಲ್ ಮೋಟಾರ್ಸಿನ ಎ6. ಉದ್ದನೆಯ ಡಬ್ಬಿಯಂತಿದ್ದು ಸುಮಾರು 16 ಕೆಜಿ ತೂಗುತ್ತದೆ. ಜಾಗ್ವಾರ್ ಎಕ್ಸ್‌ಜೆ-ಎಸ್‌ನ ಮೊದಲ ಕಾರುಗಳಲ್ಲೂ ಇದೇ ಇತ್ತು, ಅದೂ ವಿ12 ಎಂಜಿನ್ನಿನ ಎರಡು ಸಾಲುಗಳ ನಡುವಿನ ಬಿಸಿಯಲ್ಲಿ. ಈಗ ಬದಲಿಗೆ ಹಾಕುವುದು ಹೆಚ್ಚಾಗಿ ಸ್ಯಾಂಡೆನ್ 508 ಮಾದರಿ. ಐದು ಪಿಸ್ಟನ್, 138 ಸಿಸಿ, ತೂಕ ಸುಮಾರು 7 ಕೆಜಿ. ನಡುಕ ಕಡಿಮೆ, ಎಂಜಿನ್ನಿನ ಮೇಲೆ ಹೊರೆಯೂ ಕಡಿಮೆ.

ಹೊರಗಿನ ನೋಟ ಹಳೆಯದೇ ಇರಬೇಕು ಅನ್ನುವವರು ಹಳೆಯ ಕಂಪ್ರೆಸರನ್ನೇ ಹೊಸ ಸೀಲು ಹಾಕಿ ಸರಿಪಡಿಸಿಕೊಳ್ಳಬಹುದು. ಅದಕ್ಕೂ ಮುಂಚೆ ಕ್ಲಚ್ಚಿನ ಮುಂದಿನ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಸರಾಗವಾಗಿ, ಸ್ವಲ್ಪ ಬಿಗಿಯಾಗಿ ತಿರುಗಬೇಕು. ಕಚ್ಚಿಕೊಂಡರೆ, ಕರಕರ ಎಂದರೆ ಆ ಕಂಪ್ರೆಸರ್ ಮೇಲೆ ಖರ್ಚು ಮಾಡಬೇಡಿ. ಒಳಗಿನ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಕಪ್ಪಾಗಿ, ಲೋಹದ ಪುಡಿ ಮಿನುಗುತ್ತಿದ್ದರೆ ಆ ಪುಡಿ ಕಂಡೆನ್ಸರ್‌ವರೆಗೂ ಹೋಗಿರುತ್ತದೆ.

ಬ್ರಾಕೆಟ್ ಬಗ್ಗೆ ಅವಸರ ಬೇಡ. ಕಂಪ್ರೆಸರಿನ ಮುಂದಿನ ಕಿವಿ, ಹಿಂದಿನ ಕಿವಿ ಎರಡನ್ನೂ ಹಿಡಿಯುವ ದಪ್ಪ ತಗಡು ಇರಬೇಕು. ಒಂದೇ ಕಡೆ ಹಿಡಿದ ಬ್ರಾಕೆಟ್ ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತದೆ. ಪುಲ್ಲಿಗಳು ಒಂದೇ ಸಾಲಿನಲ್ಲಿ ಇವೆಯೇ ಎಂದು ನೇರ ಪಟ್ಟಿ ಇಟ್ಟು ನೋಡಿ. ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ಆಚೆ ಈಚೆ ಇದ್ದರೆ ಬೆಲ್ಟ್ ಅಂಚು ತಿಂದು ಕಿರುಚುತ್ತದೆ, ಒಂದು ದಿನ ಹಾರಿಹೋಗುತ್ತದೆ. ಕ್ಲಚ್ ತಟ್ಟೆಗೂ ಪುಲ್ಲಿಗೂ ನಡುವೆ 0.4ರಿಂದ 0.8 ಮಿಲಿಮೀಟರ್ ಸಂದು ಇರಬೇಕು. ಸಂದು ಜಾಸ್ತಿಯಾದರೆ ಕ್ಲಚ್ಚಿನೊಳಗಿನ ವಿದ್ಯುತ್ ಕಾಯಿಲ್ ಬಿಸಿಯಾದಾಗ ಕ್ಲಚ್ ಹಿಡಿಯುವುದಿಲ್ಲ. "ತಣ್ಣಗಿದ್ದಾಗ ಎಸಿ ಬರುತ್ತೆ, ಬಿಸಿಯಾದ್ರೆ ಬರಲ್ಲ" ಎಂಬ ದೂರಿಗೆ ಇದೂ ಒಂದು ಕಾರಣ.

5. ಕಂಡೆನ್ಸರ್: ಆದಷ್ಟು ದೊಡ್ಡದು

ಆರ್-134ಎ ಬಿಸಿಲಿನಲ್ಲಿ ಆರ್-12ಕ್ಕಿಂತ ಜಾಸ್ತಿ ಒತ್ತಡ ಏರಿಸುತ್ತದೆ. ಹಳೆಯ ಕಂಡೆನ್ಸರಿನಲ್ಲಿ ಒಂದೇ ಕೊಳವೆ ಹಾವಿನಂತೆ ಸುತ್ತಿ ಹೋಗಿರುತ್ತದೆ. ಅದು ಈ ಗ್ಯಾಸಿಗೆ ಸಾಲುವುದಿಲ್ಲ. ಪ್ಯಾರಲಲ್ ಫ್ಲೋ ಎಂಬ ಹೊಸ ಬಗೆಯಲ್ಲಿ ಗ್ಯಾಸ್ ಹಲವು ಚಪ್ಪಟೆ ಕೊಳವೆಗಳಲ್ಲಿ ಒಟ್ಟಿಗೆ ಹರಿಯುತ್ತದೆ. ಅಷ್ಟೇ ಜಾಗದಲ್ಲಿ ಹೆಚ್ಚು ಶಾಖ ಬಿಡುತ್ತದೆ. ಗ್ರಿಲ್ಲಿನ ಹಿಂದೆ ಎಷ್ಟು ದೊಡ್ಡದು ಹಿಡಿಸುತ್ತದೋ ಅಷ್ಟು ದೊಡ್ಡದು ಹಾಕಿ. ಇಲ್ಲಿ ಉಳಿತಾಯ ಮಾಡಿದವರು ಆಮೇಲೆ ಮತ್ತೆ ಬಿಚ್ಚಿದ್ದನ್ನೇ ನಾನು ನೋಡಿದ್ದೇನೆ.

ಗ್ಯಾಸ್ ಮೇಲಿನಿಂದ ಒಳಬಂದು ದ್ರವವಾಗಿ ಕೆಳಗಿನಿಂದ ಹೊರಹೋಗಬೇಕು. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಸಾಕು. ಅಕ್ಕಪಕ್ಕದ ಸಂದುಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿ. ಗಾಳಿ ಸುಲಭದ ದಾರಿ ಹುಡುಕುತ್ತದೆ. ಪಕ್ಕದಲ್ಲಿ ಸಂದು ಸಿಕ್ಕರೆ ಜಾಲರಿಯೊಳಗೆ ಯಾಕೆ ನುಗ್ಗುತ್ತದೆ?

1989ರವರೆಗಿನ ಪೋರ್ಷೆ 911ರ ಕಥೆ ಬೇರೆ. ಎಂಜಿನ್ ಹಿಂದೆ, ಕೂಲಿಂಗ್ ಕಾಯಿಲ್ ಮುಂದೆ. ಒಂದು ಕಂಡೆನ್ಸರ್ ಮುಂದೆ, ಇನ್ನೊಂದು ಹಿಂದಿನ ಎಂಜಿನ್ ಮುಚ್ಚಳದ ಮೇಲೆ. ಹೋಸುಗಳು ಕಾರಿನ ಉದ್ದಕ್ಕೂ ಓಡುತ್ತವೆ. ಹಿಂದಿನ ಕಂಡೆನ್ಸರ್ ಬಿಟ್ಟ ಬಿಸಿ ಎಂಜಿನ್ನಿನ ಫ್ಯಾನಿಗೇ ಹೋಗುತ್ತದೆ. ಇಂಥ ಕಾರಿನಲ್ಲಿ ಮೊದಲ ಖರ್ಚು ಹೋಸುಗಳಿಗೆ, ಎರಡನೆಯದು ಫ್ಯಾನ್ ಇರುವ ಹೆಚ್ಚುವರಿ ಕಂಡೆನ್ಸರಿಗೆ.

6. ಕೂಲಿಂಗ್ ಕಾಯಿಲ್ ಮತ್ತು ಒಳಗಿನ ಗಾಳಿ

ಡ್ಯಾಶ್‌ಬೋರ್ಡಿನ ಒಳಗಿನ ಡಬ್ಬಿ ತೆಗೆಯುವುದು ತಾಳ್ಮೆಯ ಕೆಲಸ. ಆದರೆ ತೆಗೆಯಿರಿ. ಹತ್ತಾರು ವರ್ಷದ ಎಲೆ, ಧೂಳು, ಪುಡಿಯಾದ ಫೋಮ್ ಕಾಯಿಲ್ ಮುಖಕ್ಕೆ ಕಂಬಳಿಯಂತೆ ಕೂತಿರುತ್ತದೆ. ತೊಳೆಯಿರಿ, ಬಾಗಿದ ತಗಡುಗಳನ್ನು ನೇರ ಮಾಡಿ, ಡಬ್ಬಿಯೊಳಗೆ ಗಾಳಿಯ ದಾರಿ ತಿರುಗಿಸುವ ಬಾಗಿಲುಗಳ ಫೋಮ್ ಹೊಸದು ಅಂಟಿಸಿ. ಬ್ಲೋಯರ್ ಮೋಟಾರಿನ ಬ್ರಷ್ ನೋಡಿ. ನೀರು ಹೊರಹೋಗುವ ಕೊಳವೆಗೆ ಇಳಿಜಾರು ಇರಬೇಕು. ಅದು ಕಟ್ಟಿಕೊಂಡರೆ ತೊಟ್ಟಿಕ್ಕುವ ನೀರೆಲ್ಲ ಕಾರ್ಪೆಟ್ಟಿಗೆ ಇಳಿದು ನೆಲದ ತಗಡು ತುಕ್ಕು ಹಿಡಿಯುತ್ತದೆ.

ಎಕ್ಸ್‌ಪಾನ್ಷನ್ ವಾಲ್ವ್ ಹೊಸದು ಹಾಕಿ. ಅದರಿಂದ ಒಂದು ಸಣ್ಣ ತಾಮ್ರದ ನಳಿಕೆ ಹೊರಟು ತುದಿಯಲ್ಲಿ ಬಲ್ಬ್ ಇರುತ್ತದೆ. ಅದು ಕಾಯಿಲ್‌ನಿಂದ ಹೊರಬರುವ ಪೈಪಿನ ಉಷ್ಣತೆ ನೋಡಿ ಎಷ್ಟು ದ್ರವ ಬಿಡಬೇಕೆಂದು ವಾಲ್ವಿಗೆ ತಿಳಿಸುತ್ತದೆ. ಪೈಪನ್ನು ಉಜ್ಜಿ ಶುಚಿ ಮಾಡಿ, ಬಲ್ಬನ್ನು ಕ್ಲಾಂಪಿನಿಂದ ಬಿಗಿದು, ಮೇಲೆ ಕಪ್ಪು ಅಂಟು ಟೇಪ್ ದಪ್ಪಗೆ ಸುತ್ತಿ. ಸಡಿಲವಾಗಿ ನೇತಾಡಿದರೆ ವಾಲ್ವ್ ಬೇಕಾದ್ದಕ್ಕಿಂತ ಜಾಸ್ತಿ ದ್ರವ ಬಿಟ್ಟು ಕಂಪ್ರೆಸರಿಗೆ ಹಾನಿಯಾಗುತ್ತದೆ.

ಈಗ ಎಲ್ಲರೂ ಮರೆಯುವ ವಿಷಯ: ಹೀಟರ್ ವಾಲ್ವ್. ನನ್ನ ಕಾರಿನಲ್ಲೇ ಒಂದು ಬೇಸಿಗೆ ಪೂರ್ತಿ ಗೇಜು ಸರಿ, ಗ್ಯಾಸ್ ಸರಿ, ಗಾಳಿ ಮಾತ್ರ ಬೆಚ್ಚಗೆ. ಕೊನೆಗೆ ನೋಡಿದರೆ ಹೀಟರಿಗೆ ಹೋಗುವ ಬಿಸಿನೀರಿನ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಕಡೆ ತಂಪು ಮಾಡಿದ ಗಾಳಿಯನ್ನು ಇನ್ನೊಂದು ಕಡೆ ಅದು ಕಾಯಿಸುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ವಾಲ್ವಿನ ಎರಡೂ ಕಡೆಯ ಹೋಸ್ ಮುಟ್ಟಿ ನೋಡಿ. ಹೀಟರ್ ಕಡೆಯದ್ದು ತಣ್ಣಗಿರಬೇಕು.

ಹಾಗೆಯೇ ಎಂಜಿನ್ ಕಡೆಯ ಗೋಡೆ, ಗೇರ್‌ಬಾಕ್ಸ್ ಸುರಂಗ, ಕಾಲಿಡುವ ಜಾಗಗಳಿಗೆ ಶಾಖ ತಡೆಯುವ ಹಾಸು ಹಾಕಿ. ಪೆಡಲ್, ಕೇಬಲ್ ಹಾಯುವ ತೂತುಗಳಿಗೆ ರಬ್ಬರ್ ತೊಡಿಸಿ. ಬಾಗಿಲಿನ ರಬ್ಬರ್ ಒಣಗಿದ್ದರೆ ಬದಲಾಯಿಸಿ. ಕ್ಯಾನ್ವಾಸ್ ಮೇಲ್ಛಾವಣಿಯ ಕಾರಿಗೆ ಈ ಕೆಲಸವೇ ಅರ್ಧ ಎಸಿ.

7. ಹೋಸ್, ಓ-ರಿಂಗ್

ಬ್ಯಾರಿಯರ್ ಹೋಸ್ ಕೇಳಿ ತೆಗೆದುಕೊಳ್ಳಿ. ಇದರ ಒಳಗೆ ಗ್ಯಾಸ್ ಸೋಸದಂತೆ ನೈಲಾನ್ ಪದರ ಇರುತ್ತದೆ. ಮೂರು ಅಳತೆ ಸಾಮಾನ್ಯ: ದ್ರವ ಹೋಗುವ 6ನೇ ನಂಬರ್, ಕಂಪ್ರೆಸರಿನಿಂದ ಬಿಸಿ ಗ್ಯಾಸ್ ಹೊರಡುವ 8ನೇ ನಂಬರ್, ತಣ್ಣನೆ ಗ್ಯಾಸ್ ವಾಪಸಾಗುವ 10ನೇ ನಂಬರ್. ಅತಿ ದಪ್ಪಗಿರುವುದು ವಾಪಸಾಗುವ ಹೋಸ್.

ಹೋಸನ್ನು ಕಾರಿನಲ್ಲೇ ಇಟ್ಟು ಅಳೆಯಿರಿ. ತುದಿಯ ಫಿಟ್ಟಿಂಗ್ ಯಾವ ಕಡೆ ಮುಖ ಮಾಡಬೇಕೋ ಹಾಗೆ ತಿರುಗಿಸಿ, ಹೋಸಿಗೂ ಫಿಟ್ಟಿಂಗಿಗೂ ಸೇರಿಸಿ ಪೇಂಟ್ ಪೆನ್ನಿನಿಂದ ಗೆರೆ ಎಳೆಯಿರಿ. ಆ ಗೆರೆ ಸೇರಿಸಿಕೊಂಡು ಮೆಷಿನ್ನಿನಲ್ಲಿ ಒತ್ತಿಸಿ. ಗೆರೆ ಇಲ್ಲದೆ ಒತ್ತಿಸಿದ ಹೋಸ್ ಮುರುಚಿಕೊಂಡು ಕೂರುತ್ತದೆ. ಎಂಜಿನ್ ಅಲುಗಾಡುತ್ತದೆ, ಅದಕ್ಕೆ ಸ್ವಲ್ಪ ಸಡಿಲ ಬಿಡಿ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ.

ಪ್ರತಿ ಕೂಡಿನ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಹೊಸದೇ ಆಗಬೇಕು, ಆರ್-134ಎಗೆ ಒಪ್ಪುವ ರಬ್ಬರಿನದ್ದಾಗಿರಬೇಕು. ಹಾಕುವ ಮುಂಚೆ ಮಿನರಲ್ ಎಣ್ಣೆ ಸವರಿ. ಬಿಗಿಯುವಾಗ ಎರಡು ಸ್ಪ್ಯಾನರ್ ಹಿಡಿಯಿರಿ, ಒಂದು ಹಿಡಿದಿಡಲು, ಇನ್ನೊಂದು ತಿರುಗಿಸಲು. ಒಂದೇ ಸ್ಪ್ಯಾನರಿನಲ್ಲಿ ಬಿಗಿದರೆ ಮೆದು ಅಲ್ಯೂಮಿನಿಯಂ ಪೈಪ್ ತಿರುಚಿ ಸೀಳುತ್ತದೆ.

8. ತೊಳೆಯುವುದು, ಎಣ್ಣೆ, ಡ್ರೈಯರ್

ಉಳಿಸಿಕೊಂಡ ಹಳೆಯ ಪೈಪ್, ಕಾಯಿಲ್‌ಗಳನ್ನು ಎಸಿಗೆಂದೇ ಸಿಗುವ ದ್ರಾವಣದಿಂದ ತೊಳೆದು ನೈಟ್ರೋಜನ್ ಊದಿ ಒಣಗಿಸಿ. ಕಂಪ್ರೆಸರ್, ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಮೂರನ್ನು ಹೀಗೆ ತೊಳೆಯಬಾರದು. ಲೋಹದ ಪುಡಿ ಸೇರಿದ ಪ್ಯಾರಲಲ್ ಫ್ಲೋ ಕಂಡೆನ್ಸರ್ ತೊಳೆದರೂ ಶುಚಿಯಾಗುವುದಿಲ್ಲ, ಬದಲಾಯಿಸಬೇಕು.

ಎಣ್ಣೆಯಲ್ಲಿ ಎರಡು ಆಯ್ಕೆ. ಪಿಎಜಿ ಎಣ್ಣೆ ಹೊಸ ಕಂಪ್ರೆಸರುಗಳಿಗೆ ತಯಾರಕರು ಹೇಳುವಂಥದ್ದು. ಎಸ್ಟರ್ ಎಣ್ಣೆ ಅಲ್ಪಸ್ವಲ್ಪ ಉಳಿದ ಮಿನರಲ್ ಎಣ್ಣೆಯನ್ನು ಹೆಚ್ಚು ಸಹಿಸಿಕೊಳ್ಳುತ್ತದೆ, ಹಾಗಾಗಿ ಹಳೆಯ ಭಾಗ ಉಳಿಸಿಕೊಂಡ ಕಾರಿಗೆ ಒಗ್ಗುತ್ತದೆ. ಕಂಪ್ರೆಸರ್ ಕಂಪನಿ ಹೇಳಿದ ಎಣ್ಣೆ, ಹೇಳಿದ ಅಳತೆ, ಇದೇ ನಿಯಮ. ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವುದು ತಪ್ಪು. ಹೆಚ್ಚಿನ ಎಣ್ಣೆ ಕಾಯಿಲ್ ಗೋಡೆಗೆ ಅಂಟಿ ತಂಪು ಕಡಿಮೆ ಮಾಡುತ್ತದೆ. ಪಿಎಜಿ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟು ಊಟಕ್ಕೆ ಹೋಗಬೇಡಿ.

ಡ್ರೈಯರ್ ಎಲ್ಲದಕ್ಕಿಂತ ಕೊನೆಗೆ. ವ್ಯಾಕ್ಯೂಮ್ ಪಂಪ್ ಪಕ್ಕದಲ್ಲಿ ಸಿದ್ಧವಾದ ಮೇಲೆ ಮಾತ್ರ ಅದರ ಬಿರಡೆ ತೆಗೆಯಿರಿ. ನೆಟ್ಟಗೆ ನಿಲ್ಲಿಸಿ, ಒಳ ಹೊರ ಗುರುತು ನೋಡಿ ಜೋಡಿಸಿ.

9. ವೈರಿಂಗ್

ಬ್ಲೋಯರ್, ಕಂಡೆನ್ಸರ್ ಫ್ಯಾನುಗಳಿಗೆ ಬ್ಯಾಟರಿಯಿಂದ ಬೇರೆ ಬೇರೆ ಫ್ಯೂಸ್, ರಿಲೇ ಮೂಲಕ ಹೊಸ ತಂತಿ ಎಳೆಯಿರಿ. ರಿಲೇ ಅಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಡಬ್ಬಿ. ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚಿನ ಮೇಲೆ ಈ ಹೊರೆ ಹೇರಿದರೆ ಸ್ವಿಚ್ಚು ಕರಗುತ್ತದೆ.

ಕ್ಲಚ್ಚಿಗೆ ಹೋಗುವ ಕರೆಂಟು ಎರಡು ಕಾವಲುಗಾರರನ್ನು ದಾಟಿ ಹೋಗಲಿ. ಒಂದು ಥರ್ಮೋಸ್ಟಾಟ್: ಕಾಯಿಲ್ ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಕಂಪ್ರೆಸರ್ ನಿಲ್ಲಿಸಿ ಮಂಜುಗಡ್ಡೆ ಕಟ್ಟದಂತೆ ನೋಡಿಕೊಳ್ಳುತ್ತದೆ. ಇನ್ನೊಂದು ಪ್ರೆಷರ್ ಸ್ವಿಚ್: ಗ್ಯಾಸ್ ತೀರಾ ಕಡಿಮೆಯಾದರೂ, ಒತ್ತಡ ಸುಮಾರು 400 ಪಿಎಸ್‌ಐ (ಗೇಜಿನಲ್ಲಿ ಒತ್ತಡ ಅಳೆಯುವ ಮಾನ) ಮುಟ್ಟಿದರೂ ಕ್ಲಚ್ ಬಿಡಿಸುತ್ತದೆ. ಹಳೆಯ ಕಾರುಗಳಲ್ಲಿ ಇದು ಇಲ್ಲದಿರುವುದೇ ಹೆಚ್ಚು. ದಯವಿಟ್ಟು ಹಾಕಿ. ಟ್ರೈನರಿ ಎಂಬ ಬಗೆಯದ್ದು ಸಿಕ್ಕರೆ ಅದೇ ಫ್ಯಾನನ್ನೂ ಬೇಕಾದಾಗ ಓಡಿಸುತ್ತದೆ.

10. ಸೋರಿಕೆ ಪರೀಕ್ಷೆ

ಇಡೀ ಕೆಲಸದಲ್ಲಿ ನಾನು ಹೆಚ್ಚು ಒತ್ತಿ ಹೇಳುವ ಹಂತ ಇದು.

"ವ್ಯಾಕ್ಯೂಮ್ ಅರ್ಧ ಗಂಟೆ ನಿಂತಿತು, ಹಾಗಾಗಿ ಲೀಕ್ ಇಲ್ಲ" ಅನ್ನುತ್ತಾರೆ. ಅದು ಸಾಲುವುದಿಲ್ಲ. ವ್ಯಾಕ್ಯೂಮ್ ಇರುವಾಗ ಹೊರಗಿನ ಗಾಳಿ ಒಳಕ್ಕೆ ಒತ್ತುವುದು ಬರೀ 15 ಪಿಎಸ್‌ಐ. ಎಸಿ ಓಡುವಾಗ ಒಳಗಿನಿಂದ ಹೊರಕ್ಕೆ ಒತ್ತುವುದು 200ಕ್ಕೂ ಜಾಸ್ತಿ. ಎರಡಕ್ಕೂ ಹೋಲಿಕೆಯೇ ಇಲ್ಲ.

ರೆಗ್ಯುಲೇಟರ್ ಮೂಲಕ ಒಣ ನೈಟ್ರೋಜನ್ನನ್ನು 150 ಪಿಎಸ್‌ಐವರೆಗೆ ತುಂಬಿ. ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ತೆರೆಯಲೇಬೇಡಿ. ಆಮ್ಲಜನಕ ಎಂದಿಗೂ ಬಳಸಬಾರದು, ಒತ್ತಡದ ಆಮ್ಲಜನಕ ಎಣ್ಣೆಗೆ ಸೇರಿದರೆ ಸ್ಫೋಟವಾಗುತ್ತದೆ. ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರೂ ಬೇಡ, ಆ ಗಾಳಿಯಲ್ಲಿ ನೀರು ಇರುತ್ತದೆ. ಪ್ರತಿ ಕೂಡಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಕಂಪ್ರೆಸರಿನ ಮುಂದಿನ ಸೀಲ್, ಗೇಜಿನ ಹೋಸ್ ಸಿಕ್ಕಿಸುವ ಸರ್ವೀಸ್ ಪೋರ್ಟಿನ ಪಿನ್ನುಗಳನ್ನು ಮರೆಯಬೇಡಿ. ಆಮೇಲೆ ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ಹವೆ 10 ಡಿಗ್ರಿ ತಂಪಾಗಿದ್ದರೆ ಗೇಜು ಸುಮಾರು 5 ಪಿಎಸ್‌ಐ ತಾನಾಗಿ ಇಳಿದಿರುತ್ತದೆ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಮತ್ತೆ ನೊರೆ ಹಿಡಿದು ಹುಡುಕಿ.

11. ವ್ಯಾಕ್ಯೂಮ್

ಇದರ ಉದ್ದೇಶ ಗಾಳಿ ತೆಗೆಯುವುದಷ್ಟೇ ಅಲ್ಲ, ನೀರನ್ನು ಕುದಿಸಿ ಹೊರಗೆಳೆಯುವುದು. 25 ಡಿಗ್ರಿ ಹವೆಯಲ್ಲಿ ನೀರು ಕುದಿಯಬೇಕಾದರೆ ಒಳಗಿನ ಒತ್ತಡ ಸುಮಾರು 24 ಮಿಲಿಮೀಟರ್ ಪಾದರಸಕ್ಕೆ ಇಳಿಯಬೇಕು. ನಮ್ಮ ಸುತ್ತಲಿನ ಗಾಳಿಯದ್ದು 760. ಗುರಿ ಇನ್ನೂ ಕೆಳಗೆ, 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್. ಇದನ್ನು ನೋಡಲು ಮೈಕ್ರಾನ್ ಗೇಜು ಬೇಕು. ಸಾಮಾನ್ಯ ಗೇಜಿನಲ್ಲಿ ತಿಳಿಯುವುದಿಲ್ಲ. ಸಮುದ್ರಮಟ್ಟದಿಂದ ಮೇಲೆ ಹೋದಂತೆ ಆ ಮುಳ್ಳು ಪ್ರತಿ 300 ಮೀಟರಿಗೆ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಪಂಪ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಕನಿಷ್ಠ ಮುಕ್ಕಾಲು ಗಂಟೆ ಓಡಿಸಿ. ವರ್ಷಗಟ್ಟಲೆ ತೆರೆದಿದ್ದ ಕಾರಿಗೆ ಇನ್ನೂ ಜಾಸ್ತಿ.

ತೇವ ಉಳಿದರೆ ಏನಾಗುತ್ತದೆ ಗೊತ್ತಾ? ಎಕ್ಸ್‌ಪಾನ್ಷನ್ ವಾಲ್ವಿನ ಕಿಂಡಿಯಲ್ಲಿ ಮಂಜಾಗಿ ಕೂರುತ್ತದೆ. ಎಸಿ ಕಾಲು ಗಂಟೆ ಚೆನ್ನಾಗಿ ಓಡಿ ಬೆಚ್ಚಗಾಗುತ್ತದೆ, ನಿಲ್ಲಿಸಿ ಹಾಕಿದರೆ ಮತ್ತೆ ತಣ್ಣಗೆ. ಈ ಲಕ್ಷಣ ಕಂಡರೆ ಗ್ಯಾಸ್ ಮೇಲೆ ಅನುಮಾನ ಬೇಡ, ಡ್ರೈಯರ್ ಬದಲಾಯಿಸಿ ಮತ್ತೆ ವ್ಯಾಕ್ಯೂಮ್ ಮಾಡಿ.

12. ಈಗ ಗ್ಯಾಸ್

ಮೊದಲೇ ಹೇಳಿದಂತೆ ಇದು ಪರವಾನಗಿ ಇರುವವರ ಕೆಲಸ, ಆದರೆ ಹೇಗೆ ಮಾಡಬೇಕು ಎಂದು ನಿಮಗೂ ಗೊತ್ತಿರಲಿ. ತೂಗಿ ತುಂಬಬೇಕು, ಕಣ್ಣಂದಾಜು ಬೇಡ. ಮೊದಲು ಆರ್-12 ಇದ್ದ ಕಾರಿಗೆ ಮೂಲ ತೂಕದ 80ರಿಂದ 90 ಶೇಕಡಾ ಆರ್-134ಎ ಸಾಕು. ಮೊದಲು 80 ಹಾಕಿ, ಗೇಜು ನೋಡಿಕೊಂಡು ಸ್ವಲ್ಪ ಸ್ವಲ್ಪ ಸೇರಿಸಿ. ಕಂಡೆನ್ಸರನ್ನೇ ಬದಲಾಯಿಸಿದ್ದರೆ ಈ ಲೆಕ್ಕ ಅಂದಾಜು ಮಾತ್ರ. ಡ್ರೈಯರಿನ ಗಾಜಿನ ಕಿಟಕಿಯಲ್ಲಿ ಗುಳ್ಳೆ ಹೋಗುವವರೆಗೆ ತುಂಬುವುದು ಆರ್-12 ಕಾಲದ ಪದ್ಧತಿ. ಆರ್-134ಎಯಲ್ಲಿ ಹಾಗೆ ಮಾಡಿದರೆ ಜಾಸ್ತಿಯಾಗುತ್ತದೆ.

ಎಂಜಿನ್ ಓಡುವಾಗ ಕಡಿಮೆ ಒತ್ತಡದ ಕಡೆಯಿಂದ, ಅಂದರೆ ತಣ್ಣನೆ ಗ್ಯಾಸ್ ವಾಪಸಾಗುವ ಕಡೆಯಿಂದ ಮಾತ್ರ, ಕ್ಯಾನ್ ನೆಟ್ಟಗೆ ಹಿಡಿದು ತುಂಬಿ. ತಲೆಕೆಳಗೆ ಹಿಡಿದರೆ ದ್ರವ ನುಗ್ಗಿ ಕಂಪ್ರೆಸರಿನ ವಾಲ್ವ್ ಮುರಿಯುತ್ತದೆ. ಎಂಜಿನ್ ಓಡುವಾಗ ಹೆಚ್ಚು ಒತ್ತಡದ ಕಡೆಯ ಗುಂಡಿ ಎಂದೂ ತೆರೆಯಬೇಡಿ. ಒತ್ತಡ ಹಿಂದಕ್ಕೆ ಬಂದು ಕ್ಯಾನ್ ಸಿಡಿಯುತ್ತದೆ. ಮೊದಲ ಸಲ ಓಡಿಸುವ ಮುಂಚೆ ಕ್ಲಚ್ ತಟ್ಟೆಯನ್ನು ಕೈಯಲ್ಲಿ ಹತ್ತು ಹದಿನೈದು ಸುತ್ತು ತಿರುಗಿಸಿ. ಕಂಪ್ರೆಸರಿನೊಳಗೆ ನಿಂತ ದ್ರವ ಹೊರಹೋಗುತ್ತದೆ.

ತುಂಬಿದ ಮೇಲೆ ಯಾವ ಗ್ಯಾಸ್, ಎಷ್ಟು, ಯಾವ ಎಣ್ಣೆ, ಯಾವ ದಿನ ಎಂದು ಬರೆದ ಚೀಟಿ ಬಾನೆಟ್ಟಿನ ಒಳಗೆ ಅಂಟಿಸಿ. ಮುಂದೆ ಕೈ ಹಾಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

13. ಗೇಜು ಓದುವುದು

ಬಾಗಿಲು ತೆರೆದು, ಬ್ಲೋಯರ್ ಪೂರ್ತಿ ಹಾಕಿ, ಎಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿ ಇಡಿ. 35 ಡಿಗ್ರಿ ಹವೆಯಲ್ಲಿ ಕಡಿಮೆ ಒತ್ತಡದ ಕಡೆ 30ರಿಂದ 45, ಹೆಚ್ಚು ಒತ್ತಡದ ಕಡೆ 210ರಿಂದ 240 ಪಿಎಸ್‌ಐ ಇದ್ದರೆ ಚೆನ್ನಾಗಿದೆ.

ಎರಡೂ ಕಡಿಮೆ ಇದ್ದರೆ ಗ್ಯಾಸ್ ಸಾಲದು. ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಹೆಚ್ಚಾಗಿದೆ, ಒಳಗೆ ಗಾಳಿ ಉಳಿದಿದೆ ಅಥವಾ ಕಂಡೆನ್ಸರಿಗೆ ಗಾಳಿ ಸಿಗುತ್ತಿಲ್ಲ. ಕಂಡೆನ್ಸರ್ ಮೇಲೆ ನೀರು ಚಿಮುಕಿಸಿ ನೋಡಿ. ಒತ್ತಡ ಥಟ್ಟನೆ ಇಳಿದು ತಂಪು ಹೆಚ್ಚಿದರೆ ಫ್ಯಾನ್ ಸಾಲುತ್ತಿಲ್ಲ ಎಂದರ್ಥ. ಕಡಿಮೆ ಕಡೆ ಜಾಸ್ತಿ, ಜಾಸ್ತಿ ಕಡೆ ಕಡಿಮೆ ಇದ್ದರೆ ಕಂಪ್ರೆಸರ್ ಸೋತಿದೆ. ಕಡಿಮೆ ಕಡೆಯ ಮುಳ್ಳು ಸೊನ್ನೆಗಿಂತ ಕೆಳಗೆ ಹೋದರೆ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡಿದೆ. ಎರಡೂ ಸರಿ ಇದ್ದೂ ಗಾಳಿ ಬೆಚ್ಚಗಿದ್ದರೆ ಹೀಟರ್ ವಾಲ್ವಿಗೆ ವಾಪಸ್ ಹೋಗಿ.

ಆಮೇಲೆ ಬಾಗಿಲು ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟು, ಥರ್ಮಾಮೀಟರನ್ನು ಮಧ್ಯದ ಕಿಂಡಿಗೆ ಸಿಕ್ಕಿಸಿ ಓಡಿಸಿ ನೋಡಿ. ಅಂಥ ಬಿಸಿಲಿನಲ್ಲಿ ಹಳೆಯ ಕಾರಿನ ಕಿಂಡಿಯಿಂದ 10ರಿಂದ 12 ಡಿಗ್ರಿ ಗಾಳಿ ಬಂದರೆ ಕೆಲಸ ಚೆನ್ನಾಗಿ ಆಗಿದೆ. ಕ್ಲಚ್ ಹಿಡಿದಾಗ ಎಂಜಿನ್ ಸೊರಗಿ ನಿಂತುಹೋಗುವಂತಿದ್ದರೆ ಕಾರ್ಬ್ಯುರೇಟರಿನ ಐಡಲ್ (ಕಾರು ನಿಂತಾಗಿನ ಎಂಜಿನ್ ವೇಗ) ಎತ್ತುವ ಸೊಲೆನಾಯ್ಡ್ ಹಾಕಿ. ಬರೀ ಸ್ಕ್ರೂ ತಿರುಗಿಸಿ ಐಡಲ್ ಹೆಚ್ಚಿಸಿದರೆ ಎಸಿ ಇಲ್ಲದಾಗ ಎಂಜಿನ್ ಸುಮ್ನೆ ಜೋರಾಗಿ ಓಡುತ್ತಿರುತ್ತದೆ.

ಮೊದಲ 500 ಕಿಲೋಮೀಟರ್ ಆದ ಮೇಲೆ ಬೆಲ್ಟಿನ ಬಿಗಿ, ಬ್ರಾಕೆಟ್ ಬೋಲ್ಟುಗಳನ್ನು ಒಮ್ಮೆ ನೋಡಿ. ಕಾರನ್ನು ಹೊದಿಕೆ ಹಾಕಿ ನಿಲ್ಲಿಸುವ ತಿಂಗಳುಗಳಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಕಂಪ್ರೆಸರಿನ ಮುಂದಿನ ಸೀಲಿಗೆ ಎಣ್ಣೆ ತಲುಪುವುದು ಅದು ತಿರುಗಿದಾಗ ಮಾತ್ರ.